ಪಿಎಚ್‌.ಡಿ ಅರ್ಜಿಗೂ ಮುನ್ನ ಒಬ್ಬ ಅಕ್ಕೋರನ್ನು ಹುಡುಕಿಕೊಳ್ಳಿ

ಪಿಎಚ್‌.ಡಿ ಪ್ರವೇಶದ ಅಧಿಸೂಚನೆ ಹೊರಬಿದ್ದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕರೆ ಮಾಡುವವರು ಹೆಚ್ಚಾಗಿ ಎಂ.ಎ, ಎಂ.ಎಸ್ಸಿ ಮುಗಿಸಿ ಒಂದೆರಡು ವರ್ಷ ಕಳೆದ ಹೆಣ್ಣುಮಕ್ಕಳು. ಕೆಲವರು ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯರು, ಕೆಲವರು ಮಗುವನ್ನು ಅಂಗನವಾಡಿಗೆ ಬಿಟ್ಟು ಬಂದ ಬಿಡುವಿನಲ್ಲಿ ಮಾತನಾಡುವವರು. ಮೊದಲ ಮಾತು ಮಾತ್ರ ಬಹುತೇಕ ಒಂದೇ ಆಗಿರುತ್ತದೆ: ‘ಅಕ್ಕೋರೆ, ಒಂದು ಟಾಪಿಕ್ ಹೇಳ್ರಿ, ನಾಡಿದ್ದಿಗೆ ಲಾಸ್ಟ್ ಡೇಟ್ ಅದ.’ ಅವಸರದಲ್ಲಿ ಆರಿಸಿದ ಸೀರೆಯನ್ನು ಮರುದಿನ ಅಂಗಡಿಗೆ ಒಯ್ದು ಬದಲಾಯಿಸಿಕೊಳ್ಳಬಹುದು. ಅವಸರದಲ್ಲಿ ಆರಿಸಿದ ಸಂಶೋಧನಾ ವಿಷಯದೊಂದಿಗೆ ಐದಾರು ವರ್ಷ ಸಂಸಾರ ಮಾಡಬೇಕಾಗುತ್ತದೆ. ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಪಿಎಚ್‌.ಡಿ ಮಾಡಬೇಕೆಂದು ಯೋಚಿಸುತ್ತಿರುವ ಮಹಿಳೆಯರು ಅರ್ಜಿ ಹಾಕುವುದಕ್ಕೆ ನಾಲ್ಕು ತಿಂಗಳು ಮೊದಲೇ ಮಾಡಬೇಕಾದ ಒಂದು ಕೆಲಸವನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಆ ಕೆಲಸವೆಂದರೆ, ಕೈ ಹಿಡಿದು ದಾರಿ ತೋರಿಸಬಲ್ಲ ಒಬ್ಬ ಹಿರಿಯಳನ್ನು ಹುಡುಕಿಕೊಂಡು, ಅವರಿಂದ ಸರಿಯಾದ ಸಹಾಯವನ್ನು ಕೇಳಿ ಪಡೆಯುವುದು.

ಗೈಡ್ ಬೇರೆ, ಅಕ್ಕೋರು ಬೇರೆ

ಗೈಡ್ ಎಂದರೆ ವಿಶ್ವವಿದ್ಯಾಲಯ ಗೊತ್ತುಪಡಿಸುವ ಮಾರ್ಗದರ್ಶಕರು. ನಿಮ್ಮ ಪ್ರಗತಿ ವರದಿಗೆ ಸಹಿ ಹಾಕುವವರು ಅವರೇ ಆದ್ದರಿಂದ, ‘ನನಗೆ ಇದು ಆಗುತ್ತದೋ ಇಲ್ಲವೋ ತಿಳಿಯುತ್ತಿಲ್ಲ’ ಎಂಬ ಮಾತನ್ನು ಅವರ ಮುಂದೆ ಆಡುವುದು ಯಾರಿಗೂ ಸುಲಭವಲ್ಲ. ಆ ಮಾತನ್ನು ಅಂಜಿಕೆಯಿಲ್ಲದೆ ಆಡಬಹುದಾದ, ನಿಮ್ಮ ಸೀಟಿನ ಮೇಲೆ ಯಾವ ಅಧಿಕಾರವೂ ಇಲ್ಲದ ಇನ್ನೊಬ್ಬರು ಬೇಕು. ಇಂಗ್ಲಿಷ್ ಬಲ್ಲವರು ಅವರನ್ನು ಮೆಂಟರ್ ಎನ್ನುತ್ತಾರೆ. ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎಂದು ಕರೆಯುವ ನಮ್ಮ ಕಡೆಗೆ ಆ ಹೆಸರೇ ಸಾಕು.

ನನಗೆ ಅಂಥವರು ಸಿಕ್ಕಿರಲಿಲ್ಲ. ನಾನು ನೋಂದಣಿ ಮಾಡಿಸಿದಾಗ ನನ್ನ ಗೈಡ್ ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಅದನ್ನು ಕೇಳಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಹೊಸ ಗೈಡ್ ಬಂದರು, ಶೀರ್ಷಿಕೆ ಬದಲಾಯಿತು, ಒಂದೂವರೆ ವರ್ಷದ ಟಿಪ್ಪಣಿಗಳು ಅಟ್ಟ ಸೇರಿದವು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವ ಅಧ್ಯಾಪಕರು ಹೊಸ ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿ ಈಗ ಹೇಳುತ್ತದೆ. ಆದರೂ ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಎಲ್ಲಿ ಹುಡುಕಬೇಕು

ಅತ್ಯಂತ ಹೆಸರುವಾಸಿಯಾದ ಪ್ರಾಧ್ಯಾಪಕರ ಬಳಿಗೆ ಮೊದಲು ಓಡಬೇಡಿ. ಇತ್ತೀಚಿನ ಐದಾರು ವರ್ಷಗಳಲ್ಲಿ ಪಿಎಚ್‌.ಡಿ ಮುಗಿಸಿದ, ಸಾಧ್ಯವಾದರೆ ನಿಮ್ಮಂಥದ್ದೇ ಮನೆಯಿಂದ ಬಂದ ಮಹಿಳೆ ನಿಮಗೆ ಹೆಚ್ಚು ಉಪಯುಕ್ತ, ಏಕೆಂದರೆ ಈಗಿನ ನಿಯಮ, ಈಗಿನ ಶುಲ್ಕ, ಈಗಿನ ಕಚೇರಿಯ ಅಲೆದಾಟ ಆಕೆಗೆ ಗೊತ್ತಿರುತ್ತದೆ. ನೀವು ಅರ್ಜಿ ಹಾಕಲಿರುವ ವಿಭಾಗದವರೇ ಆಗಿರದಿದ್ದರೆ ಇನ್ನೂ ಒಳ್ಳೆಯದು; ಆಗ ಆಡಿದ ಮಾತು ಸ್ಟಾಫ್ ರೂಮು ಸುತ್ತಿ ಬರುವುದಿಲ್ಲ.

ನಮ್ಮ ಭಾಗದಲ್ಲಿ ಇಂಥವರಿಗೆ ಕೊರತೆಯಿಲ್ಲ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ, 2009ರಲ್ಲಿ ಆರಂಭವಾಗಿ ಆಳಂದ ರಸ್ತೆಯ ಕಡಗಂಚಿಯಲ್ಲಿ ನೆಲೆ ನಿಂತಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಪಕ್ಕದ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇವುಗಳಲ್ಲಿ ಪದವಿ ಪಡೆದ ಮಹಿಳೆಯರು ಮೂರೂ ಜಿಲ್ಲೆಗಳ ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದಾರೆ. ಅವರನ್ನು ಗುರುತಿಸಲು ಒಂದು ಉಪಾಯವಿದೆ. ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಅಲ್ಲಿ ನಿಮ್ಮ ವಿಷಯದ ನಾಲ್ಕು ಪ್ರಬಂಧಗಳನ್ನು ತೆರೆದು, ಎಲ್ಲಕ್ಕಿಂತ ಮೊದಲು ಕೃತಜ್ಞತೆಯ ಪುಟವನ್ನು ಓದಿ. ಯಾರು ಗೈಡ್, ಯಾವ ಗ್ರಂಥಾಲಯ, ಟೈಪ್ ಮಾಡಿಕೊಟ್ಟವರು ಯಾರು, ಮಗುವನ್ನು ನೋಡಿಕೊಂಡ ಅತ್ತೆ ಅಥವಾ ತಾಯಿ ಯಾರು ಎಂಬುದೆಲ್ಲ ಆ ಒಂದೂವರೆ ಪುಟದಲ್ಲಿ ಇರುತ್ತದೆ. ಸಂಶೋಧನೆಯ ನಿಜವಾದ ಖರ್ಚುವೆಚ್ಚ ತಿಳಿಯಬೇಕಾದರೆ ಅದಕ್ಕಿಂತ ಒಳ್ಳೆಯ ಪುಟ ಪ್ರಬಂಧದಲ್ಲಿ ಇನ್ನೊಂದಿಲ್ಲ.

ಮೊದಲ ಸಂದೇಶ, ಮೊದಲ ಭೇಟಿ

‘ಹಾಯ್ ಮೇಡಂ’ ಎಂದು ಕಳಿಸಿ ಉತ್ತರಕ್ಕಾಗಿ ಕಾಯಬೇಡಿ. ಒಂದೇ ಸಂದೇಶದಲ್ಲಿ ನೀವು ಯಾರು, ಅವರ ಯಾವ ಕೆಲಸವನ್ನು ಓದಿದ್ದೀರಿ, ಎಷ್ಟು ಹೊತ್ತು ಬೇಕು, ಏನು ಕೇಳಬೇಕು ಎಂಬ ನಾಲ್ಕೂ ಸಂಗತಿಗಳು ಇರಲಿ. ‘ನಮಸ್ಕಾರ ಮೇಡಂ, ನಾನು ಶಹಾಪುರದವಳು, ಸಮಾಜಶಾಸ್ತ್ರದಲ್ಲಿ ಎಂ.ಎ ಮಾಡಿದ್ದೇನೆ. ಗುಳೆ ಹೋಗುವ ಕುಟುಂಬಗಳ ಬಗ್ಗೆ ನೀವು ಬರೆದ ಪ್ರಬಂಧದ ಮೊದಲ ಎರಡು ಅಧ್ಯಾಯ ಓದಿದ್ದೇನೆ. ಪಿಎಚ್‌.ಡಿಗೆ ಸೇರುವುದೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಮುಂದಿನ ವಾರ ಅರ್ಧ ಗಂಟೆ ಸಮಯ ಕೊಡುತ್ತೀರಾ?’ ಎಂದು ಬರೆದರೆ ಸಾಕು. ‘ಸೇರುವುದೋ ಬೇಡವೋ’ ಎಂಬ ಮಾತು ಮುಖ್ಯ. ಅದನ್ನು ಓದಿದವರಿಗೆ ನೀವು ಶಿಫಾರಸು ಬೇಡಿ ಬಂದವರಲ್ಲವೆಂದು ತಿಳಿಯುತ್ತದೆ.

ಮೊದಲ ಭೇಟಿಗೆ ಅಂಕಪಟ್ಟಿಯ ಫೈಲು ಬೇಡ. ಒಂದು ಲಾಂಗ್ ಬುಕ್ಕಿನ ಹಾಳೆಯಲ್ಲಿ ವಾರದ ಏಳು ದಿನಕ್ಕೆ ಏಳು ಗೆರೆ ಎಳೆದು, ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ನೀವು ಯಾವ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಬರೆದುಕೊಂಡು ಹೋಗಿ. ನನ್ನ ಬಳಿಗೆ ಬರುವವರಿಂದ ನಾನು ಇದನ್ನೇ ಮೊದಲು ಕೇಳುತ್ತೇನೆ. ಒಬ್ಬಾಕೆ ಓದಿಗೆ ದಿನಕ್ಕೆ ಐದು ಗಂಟೆ ಎಂದು ಬರೆದು ತಂದಿದ್ದಳು. ‘ರೊಟ್ಟಿ ಬಡಿಯೋದು ಯಾವಾಗ?’ ಎಂದು ಕೇಳಿದೆ; ಒಂದು ಗಂಟೆ ಹೋಯಿತು. ‘ನೀರು ಬಿಡೋದು ಎಷ್ಟು ಗಂಟೆಗೆ?’ ಇನ್ನರ್ಧ ಗಂಟೆ ಹೋಯಿತು. ಕೊನೆಗೆ ಎರಡು ಗಂಟೆ ಉಳಿಯಿತು. ಆ ಎರಡು ಗಂಟೆ ಪ್ರಾಮಾಣಿಕವಾದದ್ದಾಗಿತ್ತು, ಅದರ ಮೇಲೆ ಯೋಜನೆ ಹಾಕಲು ಸಾಧ್ಯವಾಯಿತು. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಮನೆಗಳಲ್ಲಿ ಆ ಎರಡು ಗಂಟೆಯೂ ಸಿಗದು. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಬಸ್ಸಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಬರುವುದು ಓದಿಗಿಂತ ಹೆಚ್ಚು ದಣಿಸುತ್ತದೆ. ಇವನ್ನೂ ಆ ಹಾಳೆಯ ಅಂಚಿನಲ್ಲಿ ಬರೆದಿಡಬೇಕು.

ನಿಯಮಗಳನ್ನು ಜೊತೆಯಲ್ಲಿ ಕೂತು ಓದಿ

ಎರಡನೆಯ ಭೇಟಿಯನ್ನು ಪೂರ್ತಿಯಾಗಿ ನಿಯಮಗಳಿಗೆ ಮೀಸಲಿಡಿ. ಹೆಣ್ಣುಮಕ್ಕಳು ನಡುವೆಯೇ ಸಂಶೋಧನೆ ಬಿಡುವುದಕ್ಕೆ ತಮಗಿರುವ ಅವಕಾಶಗಳು ತಿಳಿಯದಿರುವುದೂ ಒಂದು ಕಾರಣವೆಂಬುದು ನನ್ನ ಅನುಭವ. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿಗೆ ಕೋರ್ಸ್‌ವರ್ಕ್ (ಆರಂಭದ ತರಗತಿ ಪಾಠಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷದ ಸಡಿಲಿಕೆ ಇದ್ದು, ಒಟ್ಟು ಅವಧಿ 10 ವರ್ಷವನ್ನು ಮೀರುವಂತಿಲ್ಲ. ಇಡೀ ಅವಧಿಯಲ್ಲಿ ಹೆರಿಗೆ ರಜೆ ಅಥವಾ ಮಗುವಿನ ಆರೈಕೆಯ ರಜೆಯಾಗಿ 240 ದಿನಗಳವರೆಗೆ ಪಡೆಯಲು ಅವಕಾಶವಿದೆ.

ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಿ ಇನ್ನೊಂದು ನಿಯಮವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಮದುವೆಯಿಂದಲೋ ಬೇರೆ ಕಾರಣದಿಂದಲೋ ಸಂಶೋಧಕಿ ಬೇರೆ ಊರಿಗೆ ಹೋಗಬೇಕಾದರೆ, ಆಕೆ ಹೋಗುವ ಊರಿನ ಉನ್ನತ ಶಿಕ್ಷಣ ಸಂಸ್ಥೆಗೆ ಸಂಶೋಧನೆಯ ದತ್ತಾಂಶವನ್ನು ವರ್ಗಾಯಿಸಿಕೊಳ್ಳಬಹುದು. ಆದರೆ ಆ ಕೆಲಸ ಮೂಲ ಸಂಸ್ಥೆಗೋ ಗೈಡ್‌ಗೋ ಅನುದಾನ ಸಂಸ್ಥೆಯೊಂದು ಮಂಜೂರು ಮಾಡಿದ ಯೋಜನೆಯ ಭಾಗವಾಗಿರಬಾರದು, ಆವರೆಗಿನ ಕೆಲಸದ ಶ್ರೇಯವನ್ನು ಮೂಲ ಸಂಸ್ಥೆಗೂ ಗೈಡ್‌ಗೂ ಕೊಡಬೇಕು. ಬೀದರಿನಲ್ಲಿ ಆರಂಭಿಸಿದ ಸಂಶೋಧನೆ ಹುಬ್ಬಳ್ಳಿಗೆ ಮದುವೆಯಾದ ತಕ್ಷಣ ಸಾಯಬೇಕಾಗಿಲ್ಲ.

ನೌಕರಿಯಲ್ಲಿರುವವರು ಅರೆಕಾಲಿಕವಾಗಿಯೂ ಮಾಡಬಹುದು. ಅದಕ್ಕೆ ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್‌ನಲ್ಲೂ ಪ್ರಗತಿಯನ್ನು ಮಂಡಿಸಬೇಕು. ಪ್ರತಿ ವಿಶ್ವವಿದ್ಯಾಲಯವೂ ಇದರ ಮೇಲೆ ತನ್ನದೇ ವಿವರಗಳನ್ನು ಸೇರಿಸುವುದರಿಂದ, ಅರ್ಜಿ ಹಾಕುವ ಕಡೆಯ ಅಧಿಸೂಚನೆಯನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ.

ಹಣದ ಮಾತನ್ನೂ ಅಂದೇ ಮುಗಿಸಿ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ. 2023ರ ಜನವರಿಯಿಂದ ಜಾರಿಯಾದ ದರ ಇದು. ಜೆಆರ್‌ಎಫ್‌ಗೆ ವಯೋಮಿತಿ 30, ಮಹಿಳೆಯರಿಗೆ 5 ವರ್ಷದ ಸಡಿಲಿಕೆ. 2024ರ ಜೂನ್ ಪರೀಕ್ಷೆಯಿಂದ ನೆಟ್ ಫಲಿತಾಂಶದಲ್ಲಿ ಪಿಎಚ್‌.ಡಿ ಪ್ರವೇಶಕ್ಕೆ ಮಾತ್ರ ಅರ್ಹರಾದವರ ವರ್ಗವೂ ಸೇರಿದೆ. ಪ್ರವೇಶದ ಹೊತ್ತಿಗೆ ಅಂಥವರ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಮಾನ್ಯತೆ ಒಂದು ವರ್ಷ. ಇನ್ನು, ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌.ಡಿ ಇಲ್ಲದಿದ್ದರೆ ಆಗದು ಎಂದು ನಂಬಿ ಬರುವವರು ಬಹಳ. 2023ರ ಜುಲೈಯಿಂದ ಆ ಹುದ್ದೆಯ ನೇರ ನೇಮಕಾತಿಗೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಗಳಾದ ಸೆಟ್, ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ ಕಡ್ಡಾಯವಲ್ಲ. ನೌಕರಿಯೊಂದೇ ಗುರಿಯಾಗಿದ್ದರೆ ಮೊದಲು ನಮ್ಮ ರಾಜ್ಯದ ಸೆಟ್ ಆದ ಕೆ-ಸೆಟ್‌ಗೆ ಕೂರಿ ಎಂದು ಹೇಳುವ ಧೈರ್ಯ ಅಕ್ಕೋರಿಗೆ ಇರಬೇಕು.

ಎರಡು ತಿಂಗಳ ಪ್ರಯೋಗ

ಇದರಿಂದ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಅರ್ಜಿಗೂ ಮುನ್ನ ಎರಡು ತಿಂಗಳು ಸಣ್ಣ ಪ್ರಮಾಣದಲ್ಲಿ ಸಂಶೋಧನೆ ಮಾಡಿ ನೋಡಬೇಕು: ಮೂರು ಪ್ರಬಂಧ, ಹತ್ತು ಲೇಖನ ಓದುವುದು, ಒಂದು ಸಲ ಕ್ಷೇತ್ರಕ್ಕೆ ಹೋಗಿ ಬರುವುದು, ನಾಲ್ಕು ಪುಟ ಬರೆಯುವುದು.

ಚಿತ್ತಾಪುರ ಕಡೆಯ ಒಬ್ಬ ಯುವತಿ ‘ಕಲಬುರಗಿ ಜಿಲ್ಲೆಯ ತೊಗರಿ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಹಿಡಿದು ಬಂದಿದ್ದಳು. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ದೊರೆತ ಮೇಲೆ ಈ ಶೀರ್ಷಿಕೆ ಎಲ್ಲರ ಬಾಯಲ್ಲೂ ಇದೆ. ‘ಬೀಜದಿಂದ ಹಿಡಿದು ಸಾರಿನವರೆಗೆ ಎಲ್ಲಾನೂ ನೀನೇ ಬರೀತೀಯೇನವ್ವ?’ ಎಂದು ಕೇಳಿ, ಒಂದು ದಾಲ್ ಮಿಲ್ಲಿಗೆ ಹೋಗಿ ಬಾ ಎಂದೆ. ಮುಂದಿನ ಭೇಟಿಗೆ ಅವಳು ಬೇರೆಯೇ ಹುಡುಗಿಯಾಗಿದ್ದಳು. ಮಿಲ್ಲಿನಲ್ಲಿ ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರವಿತ್ತು. ಅದು ಬರುವ ಮೊದಲು ಅದೇ ಕೆಲಸವನ್ನು ಹೆಂಗಸರು ನೆಲದ ಮೇಲೆ ಕೂತು ಕೈಯಿಂದ ಮಾಡುತ್ತಿದ್ದರೆಂದು ಅಲ್ಲಿನ ಹಮಾಲರೊಬ್ಬರು ಹೇಳಿದ್ದರು. ‘ಹಸನು ಮಾಡೋ ಆ ಹೆಂಗಸರು ಈಗ ಎಲ್ಲಿ ಹೋಗ್ಯಾರ್ರಿ ಅಕ್ಕೋರೆ?’ ಎಂದು ಅವಳು ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳ ವಿಷಯ ಅಲ್ಲಿ ಹುಟ್ಟಿತು. ನಾನೇ ಒಂದು ಟಾಪಿಕ್ ಕೊಟ್ಟು ಕಳಿಸಿದ್ದರೆ ಆ ಪ್ರಶ್ನೆ ಅವಳದಾಗುತ್ತಿರಲಿಲ್ಲ.

ಇನ್ನೊಬ್ಬಾಕೆ ಸನ್ನತಿ–ಕನಗನಹಳ್ಳಿಯ ಬೌದ್ಧ ಶಿಲ್ಪಗಳ ಬಗ್ಗೆ ಎರಡು ತಿಂಗಳು ಓದಿ, ಓದುವುದು ಇಷ್ಟ, ಬರೆಯುವುದು ಇಷ್ಟವಿಲ್ಲ ಎಂದು ಹೇಳಿ, ಪ್ರೌಢಶಾಲೆಯ ಕೆಲಸಕ್ಕೆ ಮರಳಿದಳು. ಈಗ ವರ್ಷಕ್ಕೊಮ್ಮೆ ಮಕ್ಕಳನ್ನು ಸನ್ನತಿಗೆ ಕರೆದೊಯ್ಯುತ್ತಾಳೆ. ಆ ಎರಡು ತಿಂಗಳು ವ್ಯರ್ಥವಾಯಿತೆಂದು ನಾನು ಲೆಕ್ಕ ಹಾಕಿಲ್ಲ.

ಮನೆಯವರೂ ಗೈಡ್ ಆಗುವವರೂ

ಒಂದು ಭೇಟಿಗೆ ತಾಯಿಯನ್ನೋ ಅತ್ತೆಯನ್ನೋ ಗಂಡನನ್ನೋ ಜೊತೆಗೆ ಕರೆತನ್ನಿ. ‘ಇಷ್ಟ್ ಓದಿದ್ದು ಸಾಲ್ದೇನ್ರೀ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಮಹಿಳಾ ಶಿಕ್ಷಣದ ಮೇಲೆ ಭಾಷಣ ಮಾಡುವುದರಿಂದ ಏನೂ ಆಗುವುದಿಲ್ಲ. ಎಷ್ಟು ವರ್ಷ, ವಾರಕ್ಕೆ ಎಷ್ಟು ದಿನ ಹೊರಗೆ, ಯಾವ ಬಸ್ಸಿಗೆ ಹೋಗಿ ಯಾವ ಬಸ್ಸಿಗೆ ಬರುವುದು, ತಿಂಗಳ ಖರ್ಚು ಎಷ್ಟು ಎಂಬುದನ್ನು ಲೆಕ್ಕ ಮಾಡಿ ತೋರಿಸಿದರೆ ಅವರು ಕೇಳಿಸಿಕೊಳ್ಳುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಯಾದಗಿರಿಯಿಂದ ಕಲಬುರಗಿಗೆ ಓಡಾಡುವವರ ಲೆಕ್ಕದಲ್ಲಿ ಒಂದು ಸಾಲು ಪೂರ್ತಿಯಾಗಿ ಹೊಡೆದುಹೋಗಿದೆ.

ಗೈಡ್ ಆಗಬಹುದಾದವರ ಬಗ್ಗೆ ವಿಚಾರಿಸುವಾಗ ಅವರ ಈಗಿನ ವಿದ್ಯಾರ್ಥಿನಿಯರನ್ನೇ ಮಾತನಾಡಿಸಿ. ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ತಿದ್ದಿ ವಾಪಸು ಬರುತ್ತದೆ, ಭೇಟಿ ವಿಭಾಗದಲ್ಲೋ ಮನೆಯಲ್ಲೋ, ಸಂಶೋಧನೆಗೆ ಸಂಬಂಧವಿಲ್ಲದ ಕೆಲಸ ಹೇಳುತ್ತಾರೆಯೇ ಎಂದು ಕೇಳಿ. ನಿಯಮದಂತೆ ಒಮ್ಮೆಗೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರನ್ನಷ್ಟೇ ಇಟ್ಟುಕೊಳ್ಳಬಹುದಾದ್ದರಿಂದ ಸೀಟು ಖಾಲಿ ಇದೆಯೇ ಎಂಬುದೂ ಗೊತ್ತಿರಲಿ. ಪ್ರತಿ ವಿಶ್ವವಿದ್ಯಾಲಯದಲ್ಲೂ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ದೂರು ಸಮಿತಿ ಇರುವುದು ಕಡ್ಡಾಯ. ಅದರ ಸದಸ್ಯರ ಹೆಸರುಗಳನ್ನು ಸೇರುವ ಮೊದಲೇ ಬರೆದಿಟ್ಟುಕೊಳ್ಳಿ. ಹಣದ ಅಥವಾ ಉಡುಗೊರೆಯ ಮಾತು ಬಂದರೆ ಆ ಗೈಡ್ ಹೆಸರಿನ ಮೇಲೆ ಗೀಟು ಎಳೆದು ಮುಂದೆ ಹೋಗಿ.

ಸಂದರ್ಶನದ ತಾಲೀಮು

ಕೊನೆಯ ಭೇಟಿ ಸಂದರ್ಶನಕ್ಕೆ ಎರಡು ವಾರ ಇರುವಾಗ ಆಗಲಿ. ಅಕ್ಕೋರ ಜೊತೆ ಇನ್ನಿಬ್ಬರನ್ನು ಕೂರಿಸಿ, ಹತ್ತು ನಿಮಿಷ ನಿಮ್ಮ ವಿಷಯವನ್ನು ನಿಂತು ಹೇಳಿ. ದಾಲ್ ಮಿಲ್ಲಿನ ಹುಡುಗಿಗೆ ನಮ್ಮ ಮನೆಯ ಪಡಸಾಲೆಯಲ್ಲಿ ಹೀಗೆಯೇ ತಾಲೀಮು ಮಾಡಿಸಿದೆವು. ದತ್ತಾಂಶ, ಮಾದರಿ, ಹಿಂದಿನ ಅಧ್ಯಯನಗಳ ಬಗ್ಗೆ ಕೇಳಿದ ಮೇಲೆ, ಸಂದರ್ಶನದ ಕೋಣೆಗಳಲ್ಲಿ ಕೇಳಬಾರದಾದರೂ ಕೇಳಿಬರುವ ಪ್ರಶ್ನೆಯನ್ನು ನಾನೇ ಎಸೆದೆ: ‘ಮದುವೆ ಆದ ಮ್ಯಾಲ ಬಿಟ್ಟು ಹೋಗ್ತೀರೇನು?’ ಮೊದಲ ಸಲ ಅವಳು ತಲೆ ತಗ್ಗಿಸಿದಳು. ಎರಡನೆಯ ಸಲ ಸಿಟ್ಟಾದಳು. ಮೂರನೆಯ ಸಲ ಮುಂದಿದ್ದ ಯೋಜನೆಯ ಪ್ರತಿಯನ್ನು ನನ್ನತ್ತ ತಿರುಗಿಸಿ, ಮೂರು ವರ್ಷದ ಕೆಲಸವನ್ನು ಸೆಮಿಸ್ಟರ್ ವಾರು ಬರೆದಿದ್ದ ಪುಟದ ಮೇಲೆ ಬೆರಳಿಟ್ಟು, ‘ಇದರಾಗ ಯಾವ ತಿಂಗಳದ ಬಗ್ಗೆ ನಿಮಗ ಅನುಮಾನ ಅದ, ಹೇಳ್ರಿ’ ಎಂದಳು.