ಬಾಟಲಿಯಿಂದ ಕುಂಡಕ್ಕೆ: ಆರ್ಕಿಡ್ ಸಸಿಗಳ ಮೊದಲ ಆರು ವಾರ

ಲ್ಯಾಬಿನಿಂದ ಬಂದ ಬಾಟಲಿಯಲ್ಲಿ ಆರ್ಕಿಡ್ ಸಸಿಗಳು ಹಸಿರಾಗಿ, ಮೈತುಂಬಿಕೊಂಡು ನಿಂತಿರುತ್ತವೆ. ಅವೇ ಸಸಿಗಳು ಕುಂಡಕ್ಕೆ ಬಂದ ಎರಡು ವಾರದಲ್ಲಿ ಅರ್ಧಕ್ಕರ್ಧ ಕೊಳೆತು ಹೋಗುವುದೂ ಉಂಟು.

ಆರ್ಕಿಡ್ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರದ ದಾಸ್ತಾನು ಇರುವುದಿಲ್ಲ. ಕಾಡಿನಲ್ಲಿ ಆ ಕೊರತೆ ನೀಗುವುದು ಶಿಲೀಂಧ್ರ. ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯಂಥ ಹೆಪ್ಪಿನ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಯುತ್ತದೆ ಎಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಬೀಜದಿಂದ ಬೆಳೆಸುವ ಇಂದಿನ ಬಾಟಲಿ ಸಸಿಗಳೆಲ್ಲ ಅದೇ ದಾರಿಯವು. ಆದರೆ ಸಿದ್ಧ ಸಕ್ಕರೆ, ಮಂದ ಬೆಳಕು, ತೇವ ತುಂಬಿದ ಗಾಳಿಯಲ್ಲಿ ಬೆಳೆದ ಎಲೆಗೆ ಮೇಣದ ಪದರ ತೆಳು, ಪತ್ರರಂಧ್ರಗಳೂ ಸರಿಯಾಗಿ ಮುಚ್ಚುವುದಿಲ್ಲ. ಹೊರಗಾಳಿ ತಾಗಿದೊಡನೆ ಎಲೆ ಬಾಡುತ್ತದೆ. ಬಾಡಿತೆಂದು ಬುಡಕ್ಕೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಈ ವಾರಗಳಲ್ಲಿ ತೇವ ಬೇಕಾದದ್ದು ಗಾಳಿಯಲ್ಲಿ, ಬುಡದಲ್ಲಿ ಅಲ್ಲ.

ಯಾವಾಗ ತೆರೆಯಬೇಕು

ಎರಡು ಮೂರು ಎಲೆ, 2ರಿಂದ 3 ಸೆಂ.ಮೀ. ಉದ್ದದ ಬೇರುಗಳಿದ್ದರೆ ಸಸಿ ಸಿದ್ಧ. ಅಗರ್ ಒಡೆಯದೆ ಬಂದಿದ್ದರೆ ಬಾಟಲಿಯನ್ನು ನೇರ ಬಿಸಿಲು ಬೀಳದ ಬೆಳಕಿನಲ್ಲಿ ಒಂದೆರಡು ವಾರ ಹಾಗೇ ಇಡಿ. ಬಿಸಿಲಿಗೆ ಸಿಕ್ಕರೆ ಒಳಗಿನ ಸಸಿ ಬೆಂದೇಹೋಗುತ್ತದೆ. ಅಗರ್ ಚೂರಾಗಿ ಸಸಿಗಳ ಮೇಲೆ ಬಿದ್ದಿದ್ದರೆ ಅಥವಾ ಬೂಷ್ಟು ಕಂಡರೆ ಕಾಯಬೇಡಿ, ಅಂದೇ ತೆರೆಯಿರಿ.

ಹೊರತೆಗೆಯುವುದು, ತೊಳೆಯುವುದು

ಸುಮಾರು 25ರಿಂದ 30 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ಬಾಟಲಿಗೆ ಹಾಕಿ, ಮೆಲ್ಲಗೆ ತಿರುಗಿಸಿ ಅಗರ್ ಸಡಿಲಿಸಿ. ಬಾಯಿ ಅಗಲವಿದ್ದರೆ ಇಡೀ ಮುದ್ದೆ ಜಾರಿ ಹೊರಬರುತ್ತದೆ. ಕಿರಿದಾದ ಬಾಯಿಯ ಗಾಜಿನ ಬಾಟಲಿಯನ್ನು ನಾಲ್ಕು ಪದರ ಕಾಗದದಲ್ಲಿ ಸುತ್ತಿ ಒಡೆಯುವುದೇ ಮೇಲು. ಇಕ್ಕಳದಿಂದ ಎಳೆದರೆ ಎಲೆ ಕಿತ್ತು ಬರುತ್ತದೆ.

ಇನ್ನು ತೊಳೆಯುವ ಕೆಲಸ. ಇಲ್ಲಿ ಅವಸರ ಸಲ್ಲ. ಬೇರಿನ ಸಂದಿಯಲ್ಲಿ ಉಳಿದ ಅಗರ್‌ನಲ್ಲಿ ಸಕ್ಕರೆ ಇರುತ್ತದೆ, ಬೂಷ್ಟು ಮೊದಲು ಹತ್ತುವುದು ಅಲ್ಲೇ. ನೀರು ಬದಲಿಸುತ್ತ ಮೂರು ನಾಲ್ಕು ಬಾರಿ ಜಾಲಿಸಿ. ಬೇರುಗಳು ಹೆಣೆದುಕೊಂಡಿದ್ದರೆ ನೀರಿನೊಳಗೇ ಬಿಡಿಸಿ. ಬಿಡದಿದ್ದರೆ ಗೊಂಚಲಾಗಿಯೇ ನೆಡಿ, ನಷ್ಟವಿಲ್ಲ. ಬಳಿಕ ಶಿಲೀಂಧ್ರನಾಶಕದಲ್ಲಿ ಹತ್ತು ನಿಮಿಷ ಅದ್ದಿ: 50% ಕಾರ್ಬೆಂಡಜಿಮ್ ಪುಡಿಯಾದರೆ ಲೀಟರಿಗೆ 1 ಗ್ರಾಂ. ಕೈಗವಸು ಮರೆಯಬೇಡಿ.

ನೆಡುವುದು

ಸಸಿಗಳನ್ನು ದೊಡ್ಡವು, ಸಣ್ಣವು ಎಂದು ಬೇರೆ ಮಾಡಿ. 10 ಸೆಂ.ಮೀ. ಅಗಲದ ಒಂದೇ ಕುಂಡದಲ್ಲಿ 15ರಿಂದ 20 ಸಸಿ ಕೂರುತ್ತವೆ. ಒಂಟಿ ಕುಂಡಕ್ಕಿಂತ ಗುಂಪು ಕುಂಡದಲ್ಲಿ ತೇವ ಸಮನಾಗಿರುತ್ತದೆ. ಮಾಧ್ಯಮಕ್ಕೆ, ಅಂದರೆ ಮಣ್ಣಿನ ಬದಲು ಕುಂಡಕ್ಕೆ ತುಂಬುವ ಮಿಶ್ರಣಕ್ಕೆ, 3ರಿಂದ 5 ಮಿ.ಮೀ. ತೊಗಟೆ ಚೂರು, ಜೊತೆಗೆ ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಮತ್ತು ಇದ್ದಿಲು ಸಾಕು. ಸ್ಫ್ಯಾಗ್ನಮ್ ಪಾಚಿಯೂ ಒಳ್ಳೆಯದೇ, ಆದರೆ ಸಡಿಲವಾಗಿ ತುಂಬಬೇಕು. ಒತ್ತಿದರೆ ಗಾಳಿ ಆಡದು. ತೆಂಗಿನ ಸಿಪ್ಪೆಯ ಚೂರಿನಲ್ಲಿ ಉಪ್ಪಿರುತ್ತದೆ, ದಿನಕ್ಕೊಮ್ಮೆ ನೀರು ಬದಲಿಸಿ ಮೂರು ದಿನ ನೆನೆಸಿ ಬಳಸಿ. ಸಸಿಯ ಕುತ್ತಿಗೆ, ಅಂದರೆ ಎಲೆ ಹುಟ್ಟುವ ಜಾಗ, ಮಾಧ್ಯಮದ ಮೇಲೇ ಇರಬೇಕು. ಹೂತುಹೋದ ಕುತ್ತಿಗೆ ಕೊಳೆಯದೆ ಉಳಿಯುವುದು ಅಪರೂಪ.

ಹದಗೊಳಿಸುವುದು

ಕುಂಡಗಳನ್ನು ಮುಚ್ಚಳವಿರುವ ಪಾರದರ್ಶಕ ಪೆಟ್ಟಿಗೆಯಲ್ಲಿಡಿ. ತೇವಾಂಶ 80ರಿಂದ 90%, ಉಷ್ಣತೆ 22ರಿಂದ 30 ಡಿಗ್ರಿ, ನೇರ ಬಿಸಿಲಿಲ್ಲದ ತಿಳಿಬೆಳಕು. ಮೊದಲ ಹತ್ತು ದಿನ ಮುಚ್ಚಳವನ್ನು ಕೂದಲೆಳೆಯಷ್ಟೇ ಸರಿಸಿಡಿ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಇನ್ನಷ್ಟು ತೆರೆಯುತ್ತ ಬಂದು ಆರನೇ ವಾರಕ್ಕೆ ಪೂರ್ತಿ ತೆಗೆಯಿರಿ. ಬಾಟಲಿಯಲ್ಲಿದ್ದಾಗ ಬೆಳೆದ ಹಳೆಯ ಬೇರು ಒಂದಷ್ಟು ಸಾಯುತ್ತದೆ, ಗಾಬರಿ ಬೇಡ. ಹಸಿರು ತುದಿಯ ಹೊಸ ಬೇರು ಕಂಡಿತೆಂದರೆ ಸಸಿ ಹಿಡಿದುಕೊಂಡಿತು.

ಮಾಧ್ಯಮದ ಮೇಲ್ಪದರ ಒಣಗುವ ಹೊತ್ತಿಗೆ, ಬೆಳಗ್ಗೆಯೇ ನೀರು ಕೊಡಿ. ರಾತ್ರಿಯಾಗುವಷ್ಟರಲ್ಲಿ ಎಲೆಯ ಕಂಕುಳಲ್ಲಿ ನೀರು ನಿಂತಿರಬಾರದು. ಮಳೆನೀರು ಎಲ್ಲಕ್ಕಿಂತ ಉತ್ತಮ. ಗಡಸು ನೀರು ಹಾಕಿದಲ್ಲಿ ಬೇರಿನ ತುದಿ ಕಂದಾಗುತ್ತದೆ. ಮೂರನೇ ವಾರದಿಂದ 20-20-20 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವುದು) ಲೀಟರಿಗೆ ಕಾಲು ಗ್ರಾಂ, ವಾರಕ್ಕೊಮ್ಮೆ. ಬೇಗ ಬೆಳೆಯಲೆಂದು ಪ್ರಮಾಣ ಏರಿಸಿದರೆ ಬೇರು ಸುಡುತ್ತದೆ, ಬೇರೇನೂ ಆಗುವುದಿಲ್ಲ.

ಕೈಕೊಡುವ ಜಾಗಗಳು

ಬುಡ ಕಪ್ಪಾಗಿ ಸಸಿ ಮಗುಚಿ ಬಿದ್ದರೆ ಅದು ಪಿಥಿಯಮ್ ಎಂಬ, ಶಿಲೀಂಧ್ರವನ್ನು ಹೋಲುವ ರೋಗಾಣು ಆಗಿರಬಹುದು. ಕಾರ್ಬೆಂಡಜಿಮ್ ಅದಕ್ಕೆ ನಾಟುವುದಿಲ್ಲ, ಮೆಟಲಾಕ್ಸಿಲ್ ಎಂಬ ಔಷಧಿ ಬೇಕು. ಫಲೆನಾಪ್ಸಿಸ್ ಎಂಬ ಬಗೆಯ ಆರ್ಕಿಡ್‌ನ ಎಲೆಯಲ್ಲಿ ನೀರು ತುಂಬಿದಂಥ ಕಂದು ಮಚ್ಚೆ ಹಬ್ಬುತ್ತಿದ್ದರೆ ಬ್ಯಾಕ್ಟೀರಿಯಾ. ಆ ಸಸಿಯನ್ನು ಕಿತ್ತೆಸೆದು, ತುಂತುರು ಹಾಕುವುದನ್ನು ನಿಲ್ಲಿಸಿ ಗಾಳಿ ಆಡಿಸಿ. ಮಾಧ್ಯಮದ ಮೇಲೆ ಹಸಿರು ಪಾಚಿ ಕಟ್ಟಿದರೆ ನೀರು, ಗೊಬ್ಬರ ಎರಡೂ ಅತಿಯಾಗಿವೆ ಎಂದೇ ತಿಳಿಯಿರಿ. ಚಿಪ್ಪಿರುವ, ಚಿಪ್ಪಿಲ್ಲದ ಬಸವನಹುಳುಗಳು ಒಂದೇ ರಾತ್ರಿಯಲ್ಲಿ ಬೇರಿನ ತುದಿ ಬೋಳಿಸಬಲ್ಲವು. ಟಾರ್ಚ್ ಹಿಡಿದು ಹುಡುಕಿ.

ಆರು ತಿಂಗಳಿಂದ ಒಂದು ವರ್ಷದೊಳಗೆ ಎಲೆಗಳು ಒಂದಕ್ಕೊಂದು ತಾಗತೊಡಗಿದಾಗ 5 ಸೆಂ.ಮೀ. ಒಂಟಿ ಕುಂಡಗಳಿಗೆ ಬದಲಿಸಿ. ಚೆನ್ನಾಗಿ ಬೆಳೆದರೆ ಫಲೆನಾಪ್ಸಿಸ್ ಎರಡು ಮೂರು ವರ್ಷಕ್ಕೆ ಹೂ ಕೊಡುತ್ತದೆ, ಕ್ಯಾಟ್ಲಿಯಾ ನಾಲ್ಕೈದು ವರ್ಷ ಕಾಯಿಸುತ್ತದೆ. ಬೀಜದ ಸಸಿಗಳಾದರೆ ಒಂದರ ಹೂ ಇನ್ನೊಂದರಂತಿರುವುದಿಲ್ಲ. ಮೊದಲ ಹೂವು ಸಣ್ಣದಾಗಿಯೋ ಸೊಟ್ಟಗೋ ಬಂದರೆ ಗಿಡ ಎಸೆಯಬೇಡಿ, ಎರಡನೇ ಸಲದ ಹೂ ನೋಡಿ ನಿರ್ಧರಿಸಿ.