ಲಿಗೂರಿಯಾ ಕರಾವಳಿ: ಇಬ್ಬರ ರೈಲು ಮತ್ತು ಚಾರಣ ಪ್ರವಾಸಕ್ಕೆ ತಯಾರಿ

ಇಟಲಿಯ ಜೆನೋವಾದಿಂದ ಲಾ ಸ್ಪೆತ್ಸಿಯಾವರೆಗೆ ಗುಡ್ಡಗಳು ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ. 1874ರ ಹೊತ್ತಿಗೆ ಇಲ್ಲಿ ಹಾಕಿದ ರೈಲು ಮಾರ್ಗ ಆ ಗುಡ್ಡಗಳನ್ನು ಕೊರೆದುಕೊಂಡು ಸಾಗುತ್ತದೆ. ಅದಕ್ಕಿಂತ ಎಷ್ಟೋ ಹಳೆಯದಾದ ಕಾಲುದಾರಿಗಳು ಮೇಲಿನಿಂದ ಊರೂರು ಕೂಡಿಸುತ್ತವೆ. ಎರಡು ಮೂರು ಗಂಟೆ ನಡೆದರೆ ಸಾಮಾನ್ಯವಾಗಿ ಮತ್ತೊಂದು ಸ್ಟೇಷನ್ ಸಿಗುತ್ತದೆ. ಒಬ್ಬರಿಗೆ ಇಡೀ ದಿನ ನಡೆಯುವ ಉಮೇದು, ಇನ್ನೊಬ್ಬರಿಗೆ ಎರಡು ಗಂಟೆಗೇ ಮಂಡಿ ನೋವು ಎನ್ನುವ ಜೋಡಿಗೆ ಇಷ್ಟು ಅನುಕೂಲದ ಚಾರಣ ಜಾಗ ಯುರೋಪಿನಲ್ಲಿ ಅಪರೂಪ. ಒಬ್ಬರು ನಡೆದು ಬರಲಿ, ಇನ್ನೊಬ್ಬರು ರೈಲಿನಲ್ಲಿ ಬಂದು ಮುಂದಿನ ಊರಿನ ಬಂದರಿನಲ್ಲಿ ಕಾಯಲಿ. ಯೋಜನೆಯನ್ನೆಲ್ಲ ಈ ಅನುಕೂಲದ ಸುತ್ತಲೇ ಕಟ್ಟಿಕೊಳ್ಳಿ.

ಎಲ್ಲಿ ಉಳಿಯಬೇಕು

ಒಂದೇ ಕಡೆ ಉಳಿಯಿರಿ. ದಿನಕ್ಕೊಂದು ಊರು ಬದಲಿಸುವ ಆಸೆ ಬೇಡ. ಈ ಕರಾವಳಿಯ ಚಿಂಕ್ವೆ ತೆರ್ರೆ ಎಂಬ ಭಾಗದ ಐದು ಊರುಗಳಲ್ಲಿ (ಪಶ್ಚಿಮದಿಂದ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ) ಬಹುತೇಕ ಕೋಣೆಗಳಿಗೆ ಕಡಿದಾದ ಮೆಟ್ಟಿಲು ಹತ್ತಿಯೇ ಹೋಗಬೇಕು. ಇಪ್ಪತ್ತು ಕಿಲೋ ಸೂಟ್‌ಕೇಸ್ ಹೊತ್ತು ಹತ್ತಿದ ಮೇಲೆ ಆ ದಿನ ನಡೆಯಲು ಕಾಲು ಉಳಿಯುವುದಿಲ್ಲ.

ನಮ್ಮ ಶಿಫಾರಸು ಲೆವಾಂತೊ. ಅದು ಐದು ಊರುಗಳಿಗೆ ಪಶ್ಚಿಮದ ಬಾಗಿಲು. ನೆಲ ಸಮತಟ್ಟಾಗಿದೆ, ಕಡಲತೀರ ವಿಶಾಲವಾಗಿದೆ, ಸ್ಟೇಷನ್ನಿನಿಂದ ನಡೆದೇ ಊರು ಸೇರಬಹುದು. ಪೂರ್ವ ತುದಿಯ ಲಾ ಸ್ಪೆತ್ಸಿಯಾ ದೊಡ್ಡ ನಗರ. ಅಲ್ಲಿ ಕೋಣೆಗಳ ಆಯ್ಕೆ ಹೆಚ್ಚು, ಪೀಸಾ ಮತ್ತು ಫ್ಲಾರೆನ್ಸ್ ಕಡೆಯಿಂದ ಬರುವವರಿಗೆ ಹತ್ತಿರ. ಪೀಸಾದಿಂದ ಲಾ ಸ್ಪೆತ್ಸಿಯಾಕ್ಕೆ ಸುಮಾರು ಒಂದೂಕಾಲು ಗಂಟೆ. ಮಿಲಾನಿನಿಂದ ಜೆನೋವಾ ದಾರಿಯಾಗಿ ಮೊಂತೆರೊಸ್ಸೊಗೆ ಸುಮಾರು ಮೂರು ಗಂಟೆ. ಕೋಣೆಯ ಬಾಡಿಗೆಯ ಮೇಲೆ ಸ್ಥಳೀಯ ವಸತಿ ತೆರಿಗೆ ಬೇರೆಯಾಗಿ ಬರುತ್ತದೆ. ಅದನ್ನು ನಗದಾಗಿಯೇ ಕೇಳುವವರು ಹೆಚ್ಚು, ಚಿಲ್ಲರೆ ಯೂರೋ ಇಟ್ಟುಕೊಂಡಿರಿ.

ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗ ನಡಿಗೆಗೆ ಒಳ್ಳೆಯ ಕಾಲ. ಆಗಸ್ಟಿನಲ್ಲಿ ಕಲ್ಲುದಾರಿ ಕಾದ ಹೆಂಚಾಗಿರುತ್ತದೆ, ಜನಜಂಗುಳಿಯೂ ವಿಪರೀತ.

ರೈಲಿನಲ್ಲಿ ಎಲ್ಲಿ ಎಡವುತ್ತಾರೆ

ಲೆವಾಂತೊ ಮತ್ತು ಲಾ ಸ್ಪೆತ್ಸಿಯಾ ನಡುವೆ ಚಿಂಕ್ವೆ ತೆರ್ರೆ ಎಕ್ಸ್‌ಪ್ರೆಸ್ ಎಂಬ ರೈಲು ಐದೂ ಊರುಗಳಲ್ಲಿ ನಿಲ್ಲುತ್ತದೆ. ಸೀಸನ್ನಿನ ಹಗಲು ಹೊತ್ತಿನಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಇರುತ್ತದೆ. ಒಂದು ಊರಿನಿಂದ ಪಕ್ಕದ ಊರಿಗೆ ಐದು ನಿಮಿಷದೊಳಗೆ ತಲುಪಬಹುದು. ಆದರೆ ಟಿಕೆಟ್ ದರ ದೂರ ನೋಡುವುದಿಲ್ಲ. ಒಂದೇ ನಿಲ್ದಾಣ ದಾಟಿದರೂ ಪೂರ್ತಿ ದರ, ಜನ ಹೆಚ್ಚಿರುವ ದಿನಗಳಲ್ಲಿ ಇನ್ನೂ ಹೆಚ್ಚು. ದಿನಕ್ಕೆ ಮೂರು ನಾಲ್ಕು ಸಲ ಹತ್ತಿ ಇಳಿಯುವುದಾದರೆ ಚಿಂಕ್ವೆ ತೆರ್ರೆ ಕಾರ್ಡಿನ ರೈಲು ಸಹಿತ ವಿಧವನ್ನೇ ಕೊಳ್ಳಿ. ಅದರಲ್ಲಿ ಈ ಭಾಗದ ರೈಲು, ಶುಲ್ಕವಿರುವ ಕಾಲುದಾರಿಗಳು, ಊರೊಳಗಿನ ಸಣ್ಣ ಬಸ್ಸುಗಳು ಸೇರಿವೆ. ರೈಲು ಹತ್ತದೆ ನಡೆಯುವುದಷ್ಟೇ ಇದ್ದರೆ ಕಡಿಮೆ ಬೆಲೆಯ ಟ್ರೆಕ್ಕಿಂಗ್ ಕಾರ್ಡ್ ಸಾಕು. ಎರಡರ ಬೆಲೆಯೂ ದಿನದ ಮೇಲೆ ಬದಲಾಗುತ್ತದೆ, ಆದ್ದರಿಂದ ಕೊಳ್ಳುವ ಮುನ್ನ ಚಿಂಕ್ವೆ ತೆರ್ರೆ ರಾಷ್ಟ್ರೀಯ ಉದ್ಯಾನವನದ ಜಾಲತಾಣದಲ್ಲಿ ಆ ತಾರೀಖಿನ ದರ ನೋಡಿ. ಇಬ್ಬರಿಗೆ ಎರಡು ಕಾರ್ಡ್, ಒಬ್ಬೊಬ್ಬರ ಹೆಸರಿನಲ್ಲಿ.

ದಂಡ ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಪ್ರಾದೇಶಿಕ ರೈಲಿನ (ಊರೂರಿನಲ್ಲಿ ನಿಲ್ಲುವ ಸ್ಥಳೀಯ ರೈಲಿನ) ಕಾಗದದ ಟಿಕೆಟ್ಟನ್ನು ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಲೇಬೇಕು. ಮುದ್ರೆ ಬಿದ್ದ ಮೇಲೆ ಅದು ನಾಲ್ಕು ಗಂಟೆ ನಡೆಯುತ್ತದೆ. ಮೊಬೈಲಿನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್ಟಿಗೆ ಹತ್ತುವ ಮುನ್ನ ಚೆಕ್-ಇನ್ ಒತ್ತಬೇಕು. ಟಿಕೆಟ್ ಕೊಂಡಿದ್ದೇವೆ ಎಂದು ಟಿಟಿ ಹತ್ತಿರ ವಾದಿಸಿ ಪ್ರಯೋಜನವಿಲ್ಲ, ಮುದ್ರೆ ಇಲ್ಲದ ಟಿಕೆಟ್ಟನ್ನು ಇನ್ನೊಮ್ಮೆ ಬಳಸಬಹುದು ಎನ್ನುವುದೇ ಅವರ ತಕರಾರು. ಜೆನೋವಾ ಅಥವಾ ಮಿಲಾನಿನಿಂದ ಬರುವ ಇಂಟರ್‌ಸಿಟಿಯಲ್ಲಿ ಸೀಟು ಕಾಯ್ದಿರಿಸಿರುತ್ತದೆ, ಅದಕ್ಕೆ ಈ ಮುದ್ರೆ ಬೇಕಿಲ್ಲ. ಇಂಟರ್‌ಸಿಟಿ ದರ ಮುಂಚೆ ಕೊಂಡಷ್ಟೂ ಅಗ್ಗ. ಪ್ರಾದೇಶಿಕ ರೈಲಿಗೆ ಮುಂಚೆ ಕೊಂಡರೂ ಅದೇ ದರ.

ವೆರ್ನಾತ್ಸಾ ಮತ್ತು ರಿಯೊಮಜ್ಜೋರೆಯಲ್ಲಿ ಪ್ಲಾಟ್‌ಫಾರ್ಮಿನ ಒಂದು ಭಾಗ ಸುರಂಗದ ಒಳಗೇ ಇದೆ. ಬೋಗಿ ಕತ್ತಲೆಯಲ್ಲಿ ನಿಂತಾಗ ಇದು ಸ್ಟೇಷನ್ ಅಲ್ಲವೆಂದು ಕುಳಿತುಬಿಟ್ಟರೆ ಮುಂದಿನ ಊರಿಗೆ ಹೋಗುತ್ತೀರಿ. ಬಾಗಿಲಿನ ಗುಂಡಿ ಒತ್ತಿ ಇಳಿಯಿರಿ, ಬೆಳಕಿನ ಕಡೆ ನಡೆಯಿರಿ. ಈ ಐದು ಊರುಗಳ ನಡುವೆ ದಾರಿ ಹೆಚ್ಚೂಕಡಿಮೆ ಪೂರ್ತಿ ಸುರಂಗವೇ, ಕಿಟಕಿ ಪಕ್ಕದ ಸೀಟಿಗಾಗಿ ಪೈಪೋಟಿ ಬೇಡ. ಜೆನೋವಾದಿಂದ ಬರುವಾಗ ಮಾತ್ರ ಬಲಗಡೆ ಕುಳಿತರೆ ಆಗಾಗ ಸಮುದ್ರ ಕಾಣುತ್ತದೆ.

ಇಟಲಿಯಲ್ಲಿ ರೈಲು ಮುಷ್ಕರಗಳನ್ನು ಮುಂಚಿತವಾಗಿ ಘೋಷಿಸುತ್ತಾರೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಇರುತ್ತದೆ. ಅಂಥ ದಿನ ಬೆಳಿಗ್ಗೆ ಎಂಟಕ್ಕೆ ಹೊರಟು, ಸಂಜೆ ಏಳಕ್ಕೆ ಮರಳುವಂತೆ ದೂರದ ನಡಿಗೆ ಇಟ್ಟುಕೊಂಡರೆ ತೊಂದರೆಯಾಗದು.

ಯಾವ ದಾರಿ, ಯಾವ ದಿಕ್ಕು

ಮೊಂತೆರೊಸ್ಸೊದಿಂದ ವೆರ್ನಾತ್ಸಾಗೆ ಸುಮಾರು ಮೂರೂವರೆ ಕಿ.ಮೀ. ದೂರ ನೋಡಿ ಮೋಸಹೋಗಬೇಡಿ, ಇದಕ್ಕೆ ಎರಡು ಗಂಟೆ ಬೇಕು. ಮೊಂತೆರೊಸ್ಸೊ ಕಡೆಯಿಂದ ಶುರುವಿನಲ್ಲೇ ನೂರಾರು ಕಲ್ಲಿನ ಮೆಟ್ಟಿಲುಗಳ ಏರು. ಒಂದೊಂದರ ಎತ್ತರವೂ ಬೇರೆ, ಕೆಲವು ಮೊಣಕಾಲ ಮಟ್ಟಕ್ಕಿವೆ. ಆದರೂ ಈ ದಿಕ್ಕೇ ಒಳ್ಳೆಯದು: ಬೆಳಗಿನ ತಂಪಿನಲ್ಲಿ ಏರು ಮುಗಿಯುತ್ತದೆ, ಕೊನೆಯಲ್ಲಿ ವೆರ್ನಾತ್ಸಾದ ಬಂದರು ಕಾಲಕೆಳಗೆ ತೆರೆದುಕೊಳ್ಳುತ್ತದೆ. ದಾರಿ ಅಷ್ಟು ಕಿರಿದಾದ್ದರಿಂದ ಹಬ್ಬದ ರಜೆಯ ದಿನಗಳಲ್ಲಿ ಇಲ್ಲಿ ಒಮ್ಮುಖ ಸಂಚಾರವನ್ನೂ ಜಾರಿ ಮಾಡುತ್ತಾರೆ. ಎಂಟು ಗಂಟೆಗೆ ಮೊದಲೇ ಹೊರಟರೆ ದಾರಿ ಹೆಚ್ಚೂಕಡಿಮೆ ನಿಮ್ಮದೇ.

ವೆರ್ನಾತ್ಸಾದಿಂದ ಕೊರ್ನೀಲ್ಯಾಗೆ ಒಂದೂವರೆಯಿಂದ ಎರಡು ಗಂಟೆ, ಆಲಿವ್ ತೋಟಗಳ ನಡುವೆ. ನಡುವೆ ಸಿಗುವ ಪ್ರೇವೊ ಎಂಬ ಪುಟ್ಟ ಹಳ್ಳಿಯೇ ಇದರ ಅತಿ ಎತ್ತರದ ಜಾಗ, ಸಮುದ್ರಮಟ್ಟದಿಂದ ಸುಮಾರು 200 ಮೀಟರ್. ಕೊರ್ನೀಲ್ಯಾ ಊರು ಸಮುದ್ರದಿಂದ ನೂರು ಮೀಟರ್ ಮೇಲಿದೆ, ಸ್ಟೇಷನ್ ಕೆಳಗಿದೆ. ನಡುವೆ ಲಾರ್ದರೀನಾ ಎಂಬ ಇಟ್ಟಿಗೆಯ ಮೆಟ್ಟಿಲ ಸಾಲು, ಸುಮಾರು 380 ಮೆಟ್ಟಿಲು. ಹತ್ತಲಾಗದವರು ಸ್ಟೇಷನ್ ಹೊರಗಿನ ಸಣ್ಣ ಬಸ್ಸು ಹಿಡಿಯಬಹುದು. ದೋಣಿಯಲ್ಲಿ ಬಂದು ಸೇರೋಣವೆಂದರೆ ಕೊರ್ನೀಲ್ಯಾದಲ್ಲಿ ಮಾತ್ರ ದೋಣಿ ನಿಲ್ಲುವುದಿಲ್ಲ, ಅಲ್ಲಿ ಬಂದರೇ ಇಲ್ಲ.

ಕೊರ್ನೀಲ್ಯಾದಿಂದ ಮನರೋಲಾಗೆ ಕಡಲಂಚಿನ ದಾರಿ ಭೂಕುಸಿತದಿಂದ ವರ್ಷಗಳಿಂದ ಮುಚ್ಚಿದೆ. ಹಳೆಯ ನಕ್ಷೆಗಳು ಇನ್ನೂ ಅದನ್ನೇ ತೋರಿಸುತ್ತವೆ. ಬದಲಿಗೆ ಮೇಲೆ ವೊಲಾಸ್ತ್ರಾ ಊರಿನ ಮೂಲಕ ಹೋಗಬೇಕು, ಎರಡೂವರೆ ಗಂಟೆ. ಐದು ಊರುಗಳ ನಡುವಿನ ದಾರಿಗಳಲ್ಲಿ ಇದೇ ಅತಿ ಸುಂದರ ಎಂದು ಧೈರ್ಯವಾಗಿ ಹೇಳಬಹುದು. ದ್ರಾಕ್ಷಿ ಬಳ್ಳಿಯ ಚಪ್ಪರಗಳ ಪಕ್ಕದಲ್ಲೇ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳ ಅಂಚಿನಲ್ಲಿ ದಾರಿ ಸಾಗುತ್ತದೆ. ಆ ಗೋಡೆಗಳ ಮೇಲೆ ಹತ್ತಬೇಡಿ, ಕೂರಬೇಡಿ. ಒಂದು ಕಲ್ಲು ಸಡಿಲವಾದರೆ ಮುಂದಿನ ಮಳೆಗೆ ಇಡೀ ಪಟ್ಟಿ ಜರಿಯುತ್ತದೆ, ಅದನ್ನು ಮತ್ತೆ ಕೈಯಿಂದಲೇ ಕಟ್ಟಬೇಕು. ಮಂಡಿ ಸೂಕ್ಷ್ಮವಿರುವವರಿಗೆ ಒಂದು ಉಪಾಯವಿದೆ: ಮನರೋಲಾದಿಂದ ವೊಲಾಸ್ತ್ರಾಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೊರ್ನೀಲ್ಯಾ ಕಡೆಗೆ ನಡೆಯಿರಿ. ಸುಮಾರು ಮುನ್ನೂರು ಮೀಟರ್ ಏರು ಹತ್ತುವುದು ತಪ್ಪುತ್ತದೆ. ಮೊದಲರ್ಧ ಬಹುಪಾಲು ಸಮತಟ್ಟು, ಕೊನೆಯ ಇಳಿಜಾರು ಮಾತ್ರ ಕಡಿದು.

ಮನರೋಲಾ ಮತ್ತು ರಿಯೊಮಜ್ಜೋರೆ ನಡುವಿನ ವಿಯಾ ದೆಲ್ಲಾಮೋರೆ ಎಂಬ ಕಾಲುದಾರಿ 2012ರ ಸೆಪ್ಟೆಂಬರಿನಲ್ಲಿ ಬಂಡೆ ಬಿದ್ದು ಮುಚ್ಚಿತ್ತು, 2024ರಲ್ಲಿ ಮತ್ತೆ ತೆರೆಯಿತು. ಒಂದು ಕಿ.ಮೀ.ಗೂ ಕಡಿಮೆ, ಸಮತಟ್ಟು. ಹೊತ್ತು ಗೊತ್ತುಮಾಡಿಕೊಂಡು ಮುಂಗಡ ಬುಕ್ ಮಾಡಬೇಕು, ಕಾರ್ಡಿನ ಮೇಲೆ ಬೇರೆ ಶುಲ್ಕವಿದೆ, ಪ್ರವೇಶ ರಿಯೊಮಜ್ಜೋರೆ ಕಡೆಯಿಂದ.

ಚಪ್ಪಲಿ, ನೀರು, ಮಳೆ

ಹವಾಯಿ ಚಪ್ಪಲಿ ಮತ್ತು ತೆರೆದ ಸ್ಯಾಂಡಲ್ ಹಾಕಿ ಈ ದಾರಿಗಳಿಗೆ ಇಳಿಯುವಂತಿಲ್ಲ, ದಂಡವಿದೆ. ಹಿಡಿತವಿರುವ ತಳದ ಮುಚ್ಚಿದ ಶೂ ಬೇಕು. ಸವೆದ ಕಲ್ಲು ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಹೊರಿ, ಊರೊಳಗಿನ ನಲ್ಲಿಗಳಲ್ಲಿ ತುಂಬಿಕೊಳ್ಳಬಹುದು. ಬುತ್ತಿಗೆ ಬೇಕರಿಯ ಚಪ್ಪಟೆ ಬ್ರೆಡ್ಡಾದ ಫೊಕಾಚ್ಚಾ, ಕಡಲೆ ಹಿಟ್ಟಿನ ಫರಿನಾತಾ ಚೆನ್ನ. ಮಾಂಸ ಮೀನು ತಿನ್ನದವರಿಗೆ ಎರಡೂ ಆಗುತ್ತವೆ, ಆದರೆ ಫೊಕಾಚ್ಚಾದ ಮೇಲೆ ಏನಿದೆಯೆಂದು ಕೇಳಿ. ಈ ಕರಾವಳಿಯಲ್ಲಿ ಸಣ್ಣ ಮೀನು ಎಲ್ಲದರೊಳಗೂ ನುಸುಳುತ್ತದೆ.

ಹವಾಮಾನ ಎಚ್ಚರಿಕೆ ಹಳದಿ, ಕಿತ್ತಳೆ, ಕೆಂಪು ಎಂದು ಬರುತ್ತದೆ. ಎಚ್ಚರಿಕೆ ಇರುವ ದಿನ ದಾರಿಗಳನ್ನು ಮುಚ್ಚುವುದುಂಟು, ಆಕಾಶ ತಿಳಿಯಾಗಿ ಕಂಡರೂ ಬೇಲಿ ದಾಟಬೇಡಿ. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳ ಮಳೆಗೆ ಗುಡ್ಡ ಜಾರಿ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊದ ಬೀದಿಗಳು ಕೆಸರಿನಲ್ಲಿ ಹೂತುಹೋಗಿದ್ದವು.

ಶುಲ್ಕವಿಲ್ಲದ ದಾರಿಗಳು

ಲೆವಾಂತೊದಿಂದ ಮೊಂತೆರೊಸ್ಸೊಗೆ ಪುಂತಾ ಮೆಸ್ಕೊ ಮೂಲಕ ಮೂರು ಗಂಟೆ. ಇದಕ್ಕೆ ಕಾರ್ಡ್ ಬೇಕಿಲ್ಲ, ಜನ ಕಡಿಮೆ. ತುದಿಯ ಹಳೆಯ ಆಶ್ರಮದ ಅವಶೇಷದ ಬಳಿ ನಿಂತರೆ ಐದೂ ಊರುಗಳ ದಿಕ್ಕು ಒಂದೇ ನೋಟಕ್ಕೆ ಸಿಗುತ್ತದೆ. ನಡೆದು ದಣಿದ ಮರುದಿನಕ್ಕೆ ಲೆವಾಂತೊ, ಬೊನಸ್ಸೋಲಾ, ಫ್ರಮೂರಾ ದಾರಿ ಹೇಳಿಮಾಡಿಸಿದ್ದು. ರೈಲು ಮಾರ್ಗವನ್ನು ಒಳನಾಡಿಗೆ ಸರಿಸಿದ ಮೇಲೆ ಉಳಿದ ಹಳೆಯ ಸುರಂಗಗಳನ್ನೇ ಸೈಕಲ್ ಮತ್ತು ಕಾಲುದಾರಿ ಮಾಡಿದ್ದಾರೆ, ಪೂರ್ತಿ ಸಮತಟ್ಟು. ಫ್ರಮೂರಾದಿಂದ ರೈಲಿನಲ್ಲಿ ಹಿಂದಿರುಗುವಾಗ ಬೇರೆ ಟಿಕೆಟ್ ಕೊಳ್ಳಿ, ಕಾರ್ಡಿನ ವ್ಯಾಪ್ತಿ ಲೆವಾಂತೊಗೇ ಮುಗಿಯುತ್ತದೆ.

ಗಟ್ಟಿ ನಡಿಗೆಯವರಿಗೆ ರಿಯೊಮಜ್ಜೋರೆಯಿಂದ ಪೊರ್ತೊವೆನೆರೆ, ಸುಮಾರು ಐದು ಗಂಟೆ. ಇದೊಂದು ದಾರಿಯ ಕೊನೆಯಲ್ಲಿ ಮಾತ್ರ ರೈಲಿಲ್ಲ. ಪೊರ್ತೊವೆನೆರೆಯಿಂದ ಲಾ ಸ್ಪೆತ್ಸಿಯಾಕ್ಕೆ ಬಸ್ಸು ಅರ್ಧ ಗಂಟೆ. ಸಂಗಾತಿ ನಡೆಯದಿದ್ದರೆ ಅದೇ ಬಸ್ಸಿನಲ್ಲಿ ಎದುರಿನಿಂದ ಬಂದು ಸೇರಲಿ. ಸಂಜೆಯ ಬಸ್ಸಿನ ವೇಳೆಯನ್ನು ಬೆಳಿಗ್ಗೆ ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳಿ.