ಎಂಎಲ್‌ಟಿ ಸೇರೋ ಮುಂಚೆ ಆ ಕಾಲೇಜಿನ ಲ್ಯಾಬ್ ಒಂದ್ಸಲ ನೋಡ್ಕೊಂಡ್ ಬನ್ನಿ

ಪಿಯುಸಿ ರಿಸಲ್ಟ್ ಬಂದ್ರೆ ಸಾಕು, ನೆಂಟರಿಷ್ಟರಲ್ಲಿ ಯಾರಾದ್ರೂ ಒಬ್ರು ಫೋನ್ ಮಾಡ್ತಾರೆ, ಮಗಳಿಗೆ ನೀಟ್‌ನಲ್ಲಿ ಸೀಟ್ ಸಿಗೋ ಹಾಗೆ ಕಾಣ್ತಿಲ್ಲ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್, ಅದೇ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ), ಹೇಗೆ, ಸ್ಕೋಪ್ ಇದ್ಯಾ ಅಂತ. ಸ್ಕೋಪ್ ಇದೆ ಮಾರಾಯ್ರೇ, ರಕ್ತ ಮೂತ್ರ ಟೆಸ್ಟ್ ಮಾಡಿಸ್ದೆ ಈಗ ಎಷ್ಟು ಜನ ಡಾಕ್ಟ್ರು ಔಷಧಿ ಚೀಟಿ ಬರೀತಾರೆ ಹೇಳಿ. ನಾನು ತಿರುಗಿ ಕೇಳೋದು ಇಷ್ಟೇ, ಯಾವ ಕಾಲೇಜು, ಅದಕ್ಕೆ ಸ್ವಂತ ಆಸ್ಪತ್ರೆ ಇದ್ಯಾ, ಆ ಆಸ್ಪತ್ರೆ ಲ್ಯಾಬಿಗೆ ದಿನಕ್ಕೆ ಎಷ್ಟು ಸ್ಯಾಂಪಲ್ ಬರತ್ತೆ. ಹೆಚ್ಚಿನವರು ಇದ್ಯಾವುದೂ ಗೊತ್ತಿಲ್ದೆ ಫೀಸ್ ಕಟ್ಟೋಕೆ ಹೊರಟಿರ್ತಾರೆ.

ಮೊದ್ಲು ದಾರಿ ಯಾವ್ದ್ಯಾವ್ದು ಅಂತ ಹೇಳ್ಬಿಡ್ತೀನಿ. ಕರ್ನಾಟಕದಲ್ಲಿ ಡಿಪ್ಲೊಮಾ ಅಂದ್ರೆ ಡಿಎಂಎಲ್‌ಟಿ, ಅದು ಪ್ಯಾರಾಮೆಡಿಕಲ್ ಬೋರ್ಡ್ ಕೆಳಗೆ ಬರತ್ತೆ, ಎಸ್ಸೆಸ್ಸೆಲ್ಸಿ ಆದ್ಮೇಲೆ ಸೇರಿದ್ರೆ 3 ವರ್ಷ, ಪಿಯುಸಿ ಸೈನ್ಸ್ ಆದ್ಮೇಲೆ ಸೇರಿದ್ರೆ 2 ವರ್ಷ. ಡಿಗ್ರಿ ಅಂದ್ರೆ ಬಿಎಸ್ಸಿ ಎಂಎಲ್‌ಟಿ, ನಮ್ಮಲ್ಲಿ ಬಹಳಷ್ಟು ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರೋವು, 3 ವರ್ಷ ಪಾಠ ಮತ್ತೆ 1 ವರ್ಷ ಇಂಟರ್ನ್‌ಶಿಪ್, ಪಿಯುಸಿಯಲ್ಲಿ ಬಯಾಲಜಿ ಇರ್ಲೇಬೇಕು. ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಮಂಗಳೂರಿನ ಯೆನೆಪೋಯ, ನಿಟ್ಟೆ ಇವೆಲ್ಲ ಡೀಮ್ಡ್, ಅಂದ್ರೆ ತಾವೇ ಡಿಗ್ರಿ ಕೊಡೋ ಸಂಸ್ಥೆಗಳು, ಅವರ ಅಡ್ಮಿಷನ್ನೇ ಬೇರೆ, ಫೀಸೂ ಬೇರೆ. ಗಡಿ ದಾಟಿದ್ರೆ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಇದೆ, ಅಲ್ಲಿ ಸೀಟು ಸಿಕ್ರೆ ಯೋಚ್ನೆ ಮಾಡ್ದೆ ಸೇರ್ಕೊಳ್ಳಿ ಅಂತೀನಿ. ಆರೋಗ್ಯ ವಿವಿ ಕಾಲೇಜುಗಳ ಸರ್ಕಾರಿ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಲ್ಲಿ ಆ ವರ್ಷದ ನೋಟಿಫಿಕೇಷನ್ ಓದಿ, ಏಜೆಂಟ್ ಹೇಳಿದ್ದನ್ನ ನಂಬ್ಬೇಡಿ. ಫೀಸಿಗೆ ಕಷ್ಟ ಇದ್ರೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕೋದು ಮರೀಬೇಡಿ, ಜಾತಿ ಆದಾಯ ಪ್ರಮಾಣಪತ್ರ ಜೂನ್ ಬರೋದ್ರೊಳಗೆ ಮಾಡಿಸಿಟ್ಕೊಳ್ಳಿ.

ಮನೇಲಿ ದುಡ್ಡಿನ ತಾಪತ್ರಯ ಇದ್ದು ಬೇಗ ಕೆಲ್ಸ ಬೇಕು ಅಂದ್ರೆ ಡಿಪ್ಲೊಮಾ ಏನೂ ಕೆಟ್ಟದ್ದಲ್ಲ, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿಎಸ್ಸಿ ಎರಡನೇ ವರ್ಷಕ್ಕೆ ಸೇರೋ ಅವಕಾಶ ಇದೆ. ಆದ್ರೆ 6 ತಿಂಗಳ ಸರ್ಟಿಫಿಕೇಟು, ಮನೇಲೇ ಕೂತು ಡಿಎಂಎಲ್‌ಟಿ, ಪಕ್ಕದ ರಾಜ್ಯದ ಯಾವ್ದೋ ಯೂನಿವರ್ಸಿಟಿ, ಎಕ್ಸಾಮ್‌ಗೆ ಮಾತ್ರ ಬನ್ನಿ ಅನ್ನೋರ ಹತ್ರ ಹೋಗ್ಲೇಬೇಡಿ. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಅಂತ ಕೇಂದ್ರದ ಕಾಯ್ದೆ ಬಂತು, ಮೆಡಿಕಲ್ ಲ್ಯಾಬ್ ಅದರೊಳಗೆ ಬರತ್ತೆ, ಅದರ ಪ್ರಕಾರ ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸ್ಕೊಳ್ಳೋಕೆ ಕನಿಷ್ಠ 2000 ಗಂಟೆ, ಹೆಲ್ತ್‌ಕೇರ್ ಪ್ರೊಫೆಷನಲ್ ಅಂದ್ರೆ ಕನಿಷ್ಠ 3600 ಗಂಟೆ ಓದಿರ್ಬೇಕು. 2025ರಲ್ಲಿ ಯುಜಿಸಿ ಈ ಕಾಯ್ದೆ ಕೆಳಗಿನ ಕೋರ್ಸ್‌ಗಳನ್ನ ದೂರಶಿಕ್ಷಣ, ಆನ್‌ಲೈನ್‌ನಲ್ಲಿ ಕೊಡೋ ಹಾಗಿಲ್ಲ ಅಂತ ನಿಲ್ಲಿಸ್ತು, ಸರಿಯಾಗೇ ಮಾಡಿದ್ರು ಅನ್ಸತ್ತೆ ನನಗೆ, ಯೂಟ್ಯೂಬ್ ನೋಡ್ಕೊಂಡು ಮಗು ಕೈಯಿಂದ ರಕ್ತ ತೆಗೆಯೋಕಾಗತ್ತಾ. ಹೊಸ ಪಠ್ಯಕ್ರಮದಲ್ಲಿ ಡಿಗ್ರಿ ಹೆಸರು ಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ಅಂತ ಕಂಡ್ರೆ ಬೇರೇನೋ ಕೋರ್ಸ್ ಅನ್ಕೊಂಡು ಗಾಬರಿ ಆಗ್ಬೇಡಿ.

ಈಗ ಕಾಲೇಜು ನೋಡೋಕೆ ಹೋಗ್ತೀರಲ್ಲ, ಪ್ರಿನ್ಸಿಪಾಲ್ ಚೇಂಬರ್‌ನಲ್ಲಿ ಕೂತು ಬ್ರೋಷರ್ ತಿರುವಿ ಹಾಕ್ಬೇಡಿ, ಸೀದಾ ಆಸ್ಪತ್ರೆ ಓಪಿಡಿಗೆ ಹೋಗಿ ಬೆಳಗ್ಗೆ 8ರಿಂದ 10ರ ಮಧ್ಯೆ ಸ್ಯಾಂಪಲ್ ಕಲೆಕ್ಷನ್ ಕೌಂಟರ್ ಮುಂದೆ ನಿಂತ್ಕೊಳ್ಳಿ. ಕ್ಯೂ ಇದ್ರೆ ಅಲ್ಲಿ ಕಲಿಯೋಕೆ ಸಿಗತ್ತೆ, ಖಾಲಿ ಹೊಡೀತಿದ್ರೆ ನೀವು ನಾಲ್ಕು ವರ್ಷ ರೆಕಾರ್ಡ್ ಬುಕ್ಕಲ್ಲಿ ಚಿತ್ರ ಬರ್ಕೊಂಡಿರ್ಬೇಕು ಅಷ್ಟೆ. ಅಲ್ಲಿ ಓದ್ತಿರೋ ಸೀನಿಯರ್ಸ್ ಹತ್ರ ಕ್ಯಾಂಟೀನಲ್ಲಿ ಟೀ ಕುಡೀತಾ ಕೇಳಿ, ಇಂಟರ್ನ್‌ಗಳಿಗೆ ಅನಲೈಜರ್ (ಟೆಸ್ಟ್ ಮಾಡೋ ಮಿಷನ್) ಮುಟ್ಟೋಕೆ ಬಿಡ್ತಾರಾ, ಮೈಕ್ರೋಬಯಾಲಜಿಯಲ್ಲಿ ಕಲ್ಚರ್ ಪ್ಲೇಟ್ (ರೋಗಾಣು ಬೆಳೆಸೋ ತಟ್ಟೆ) ನೀವೇ ಹಾಕ್ತೀರಾ, ಬ್ಲಡ್ ಬ್ಯಾಂಕ್ ಪೋಸ್ಟಿಂಗ್ ಇದ್ಯಾ, ಸ್ಟೈಪೆಂಡ್ ಕೊಡ್ತಾರಾ ಇಲ್ವಾ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ರೆ ತುಂಬಾ ಒಳ್ಳೇದು, ಯಾಕಂದ್ರೆ ಅದು ಮೆಡಿಕಲ್ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15189 ಪ್ರಕಾರ ನಡೀಬೇಕು, ಕ್ಯಾಲಿಬ್ರೇಷನ್, ಕಂಟ್ರೋಲ್, ದಾಖಲೆ ಎಲ್ಲ ಶಿಸ್ತಾಗಿ ಇಡೋದು ಓದುವಾಗ್ಲೇ ಅಭ್ಯಾಸ ಆಗತ್ತೆ.

ಸೇರಿದ್ಮೇಲೆ ಮೊದಲನೇ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲ ಒಟ್ಟಿಗೆ ಮೈಮೇಲೆ ಬೀಳತ್ತೆ, ಕನ್ನಡ ಮೀಡಿಯಂನಿಂದ ಬಂದೋರು ಮೂರ್ನಾಲ್ಕು ತಿಂಗಳು ಒದ್ದಾಡ್ತಾರೆ, ಆಮೇಲೆ ಸರಿಹೋಗತ್ತೆ, ಪದಗಳನ್ನ ಕನ್ನಡ ಅಕ್ಷರದಲ್ಲೇ ಬರ್ಕೊಂಡು ಉರು ಹೊಡೆದ್ರೂ ತಪ್ಪಿಲ್ಲ. ಎರಡನೇ ವರ್ಷದಿಂದ ಪೆಥಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಇವೇ ಮೂರು ಕಂಬ.

ಇಲ್ಲಿ ಒಂದು ಮಾತು ಬಿಡಿಸಿ ಹೇಳ್ಬೇಕು. ಮಿಷನ್ ಓಡಿಸೋದನ್ನ ಎರಡು ವಾರದಲ್ಲಿ ಯಾರಿಗ್ ಬೇಕಾದ್ರೂ ಕಲಿಸ್ಬಹುದು, ಮಿಷನ್ ಕೊಟ್ಟ ನಂಬರ್ ನಂಬ್ಬೇಕಾ ಬೇಡ್ವಾ ಅನ್ನೋದು ಗೊತ್ತಾಗೋಕೇ ನಾಲ್ಕು ವರ್ಷ ಬೇಕಾಗೋದು. ಡೆಂಗಿ ಸೀಸನ್ನಲ್ಲಿ ರಕ್ತಕಣ ಎಣಿಸೋ ಮಿಷನ್ ಪ್ಲೇಟ್‌ಲೆಟ್ 30 ಸಾವಿರ ಅಂತ ತೋರ್ಸತ್ತೆ, ಮನೆಯೋರು ಆಗ್ಲೇ ಅಳೋಕೆ ಶುರು ಮಾಡಿರ್ತಾರೆ, ನೀವು ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ (ಅದೇ ಸ್ಮಿಯರ್), ಲೀಶ್ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಪ್ಲೇಟ್‌ಲೆಟ್ ಎಲ್ಲ ಗುಂಪುಗುಂಪಾಗಿ ಅಂಟ್ಕೊಂಡು ಕೂತಿರತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಟ್ಯೂಬಲ್ಲಿ ಹಾಕಿರೋ ಇಡಿಟಿಎಯಿಂದ ಕೆಲವರ ರಕ್ತದಲ್ಲಿ ಹಾಗಾಗತ್ತೆ, ಸಿಟ್ರೇಟ್ ಟ್ಯೂಬಲ್ಲಿ ಮತ್ತೆ ತೆಗೆದು ನೋಡಿದ್ರೆ ಕೌಂಟ್ ನಾರ್ಮಲ್. ಹಾಗೇ ಪೊಟ್ಯಾಸಿಯಂ ಇದ್ದಕ್ಕಿದ್ದಂತೆ ಏರಿ ಕ್ಯಾಲ್ಸಿಯಂ ನೆಲಕಚ್ಚಿದ್ರೆ, ಯಾರೋ ಇಡಿಟಿಎ ಇರೋ ನೇರಳೆ ಮುಚ್ಚಳದ ಟ್ಯೂಬಿಂದ ಕೆಂಪು ಟ್ಯೂಬಿಗೆ ರಕ್ತ ಸುರಿದಿದ್ದಾರೆ ಅಂತ ಅನುಮಾನ ಬರ್ಬೇಕು, ಇಡಿಟಿಎ ಪೊಟ್ಯಾಸಿಯಂ ಲವಣ ಅಲ್ವಾ. ಅದಕ್ಕೇ ರಕ್ತ ತುಂಬೋವಾಗ ಟ್ಯೂಬ್‌ಗಳ ಕ್ರಮ, ಮುಚ್ಚಳದ ಬಣ್ಣದ ಪ್ರಕಾರ, ಬಾಯಿಪಾಠ ಆಗಿರ್ಬೇಕು, ಮೊದ್ಲು ಬ್ಲಡ್ ಕಲ್ಚರ್, ಆಮೇಲೆ ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಕ್ವಾಲಿಟಿ ಕಂಟ್ರೋಲ್ ಚಾರ್ಟನ್ನ ಸೈನ್ ಹಾಕೋ ಕಾಗದ ಅನ್ಕೋಬೇಡಿ, ಕಂಟ್ರೋಲ್ (ರಿಸಲ್ಟ್ ಎಷ್ಟು ಬರ್ಬೇಕು ಅಂತ ಮೊದ್ಲೇ ಗೊತ್ತಿರೋ ಸ್ಯಾಂಪಲ್) ಸರಾಸರಿಯಿಂದ 3 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್) ದಾಟಿದ್ರೆ ಆ ರನ್ ರಿಜೆಕ್ಟು, ಸತತ ಎರಡು ಸಲ ಒಂದೇ ಕಡೆ 2 ಎಸ್‌ಡಿ ದಾಟಿದ್ರೂ ರಿಜೆಕ್ಟು, ರಿಪೋರ್ಟಿಗೆ ವಾರ್ಡಿಂದ ಎಷ್ಟು ಸಲ ಫೋನ್ ಬಂದ್ರೂ ಸರಿ.

ಇಂಟರ್ನ್‌ಶಿಪ್ ವರ್ಷದಲ್ಲಿ ನೈಟ್ ಡ್ಯೂಟಿ ಕೇಳಿ ಹಾಕಿಸ್ಕೊಳ್ಳಿ, ಬೈಬೇಡಿ. ರಾತ್ರಿ ಲ್ಯಾಬಲ್ಲಿ ಜನ ಕಮ್ಮಿ, ಕ್ರಾಸ್‌ಮ್ಯಾಚಿಂದ (ಕೊಡೋ ರಕ್ತ ರೋಗಿಗೆ ಹೊಂದತ್ತಾ ಅಂತ ನೋಡೋದು) ಹಿಡಿದು ಮಲೇರಿಯಾ ಸ್ಮಿಯರ್ ತನಕ ಎಲ್ಲ ನಿಮ್ಮ ಕೈಗೇ ಬರತ್ತೆ. ಎಷ್ಟು ಗ್ರಾಮ್ ಸ್ಟೇನ್ (ಬ್ಯಾಕ್ಟೀರಿಯಾ ಗುರುತಿಸೋಕೆ ಬಣ್ಣ ಹಾಕೋದು), ಎಷ್ಟು ಗ್ರೂಪಿಂಗ್ ಮಾಡಿದ್ರಿ ಅಂತ ಲಾಗ್‌ಬುಕ್ ಬರೆದು ಸೀನಿಯರ್ ಸೈನ್ ಹಾಕಿಸ್ಕೊಳ್ಳಿ, ಇಂಟರ್ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್‌ಗಿಂತ ಜಾಸ್ತಿ ಅದೇ ಮಾತಾಡತ್ತೆ. ಪೋಸ್ಟಿಂಗ್ ಶುರು ಆಗೋ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ, 0, 1, 6ನೇ ತಿಂಗಳು ಮೂರು ಡೋಸ್, ಅಂದ್ರೆ ಸೇರಿದ ವರ್ಷವೇ ಶುರು ಮಾಡ್ಬೇಕು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕೋಕೆ ಹೋಗ್ಬೇಡಿ, ಸೀದಾ ಬಿಳಿ ಡಬ್ಬಕ್ಕೆ. ಚುಚ್ಕೊಂಡ್ರೆ ಮುಚ್ಚಿಡ್ಬೇಡಿ, ಎಚ್‌ಐವಿ ತಡೆಯೋ ಔಷಧಿ 72 ಗಂಟೆ ಒಳಗೆ ಶುರು ಆಗ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಯಾರೋ ಬೈತಾರೆ ಅಂತ ರಾತ್ರಿಯೆಲ್ಲ ಸುಮ್ನೆ ಕೂರೋ ಹುಡುಗ್ರು ಇದ್ದಾರೆ, ಅದೇ ಬೇಜಾರು.

ಕೋರ್ಸ್ ಮುಗಿಸಿ ಊರಲ್ಲಿ ಸ್ವಂತ ಲ್ಯಾಬ್ ಹಾಕ್ತೀನಿ ಅನ್ನೋರಿಗೆ, ರಿಪೋರ್ಟಿಗೆ ನೀವೊಬ್ರೇ ಸೈನ್ ಹಾಕಿ ಕೊಡೋ ಹಾಗಿಲ್ಲ, ಪೆಥಾಲಜಿಯಲ್ಲಿ ಪಿಜಿ ಮಾಡಿರೋ ನೋಂದಾಯಿತ ಡಾಕ್ಟ್ರು ಸೈನ್ ಹಾಕ್ಬೇಕು ಅನ್ನೋ ವಾದವನ್ನ 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ, ಜತೆಗೆ ಇಲ್ಲಿ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿನೂ ಬೇಕು. ಮುಂದೆ ಓದೋದಿದ್ರೆ ಎಂಎಸ್ಸಿ ಎಂಎಲ್‌ಟಿಯಲ್ಲಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಹೆಮಟಾಲಜಿ ಅಂತ ಕವಲು ಇವೆ, ಕಾಲೇಜಲ್ಲಿ ಪಾಠ ಮಾಡೋ ಆಸೆ ಇದ್ರೆ ಇದು ಬೇಕೇ ಬೇಕು. ಸರ್ಕಾರಿ ಕೆಲ್ಸಕ್ಕೆ ಆರೋಗ್ಯ ಇಲಾಖೆ, ರೈಲ್ವೆಯ ಪ್ಯಾರಾಮೆಡಿಕಲ್ ನೇಮಕಾತಿ ಇವೆರಡರ ಮೇಲೆ ಕಣ್ಣಿಡಿ.

ಗಲ್ಫ್‌ಗೆ ಹೋಗೋದಾದ್ರೆ ಡೇಟಾಫ್ಲೋ ಅನ್ನೋ ಕಂಪನಿಯಿಂದ ಸರ್ಟಿಫಿಕೇಟ್‌ಗಳ ವೆರಿಫಿಕೇಷನ್, ಆಮೇಲೆ ಲೈಸೆನ್ಸಿಗೆ ಪ್ರೋಮೆಟ್ರಿಕ್ ಅನ್ನೋ ಕಂಪ್ಯೂಟರ್ ಪರೀಕ್ಷೆ. ಇಂಗ್ಲೆಂಡಿಗೆ ಎಚ್‌ಸಿಪಿಸಿ (ಅಲ್ಲಿನ ಆರೋಗ್ಯ ವೃತ್ತಿಗಳ ಮಂಡಳಿ) ನೋಂದಣಿ, ಅಮೆರಿಕದ ಎಎಸ್‌ಸಿಪಿ (ಕ್ಲಿನಿಕಲ್ ಪೆಥಾಲಜಿ ಸಂಘ) ಹೊರದೇಶದವರಿಗೂ ಪರೀಕ್ಷೆ ನಡೆಸತ್ತೆ. ಡೇಟಾಫ್ಲೋದವರು ನಿಮ್ಮ ಕಾಲೇಜಿಗೂ ಆಸ್ಪತ್ರೆಗೂ ನೇರವಾಗಿ ಬರೆದು ಕೇಳ್ತಾರೆ, ಹಂಗಾಗಿ ಇಂಟರ್ನ್‌ಶಿಪ್ ಸರ್ಟಿಫಿಕೇಟಲ್ಲಿ ತಾರೀಖು, ಎಕ್ಸ್‌ಪೀರಿಯನ್ಸ್ ಲೆಟರಲ್ಲಿ ಹುದ್ದೆ ಹೆಸರು ಸರಿಯಾಗಿರ್ಬೇಕು. ಇನ್ನೊಂದು ನಮ್ಮ ಕಡೆಯೋರ ಗೋಳು ಇನಿಷಿಯಲ್, ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಬರೀ ಇನಿಷಿಯಲ್ ಇರತ್ತೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಊರ ಹೆಸರು ಎಲ್ಲ ಬಿಡಿಸಿ ಬರೆದಿರತ್ತೆ, ಆಮೇಲೆ ಎರಡೂ ಒಬ್ರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಓಡಾಡ್ಬೇಕು, ಪಾಸ್‌ಪೋರ್ಟ್ ಅರ್ಜಿ ಹಾಕುವಾಗ್ಲೇ ಮಾರ್ಕ್ಸ್ ಕಾರ್ಡ್ ಎದುರಿಗಿಟ್ಕೊಂಡು ತುಂಬಿ.